ಮ್ಯಾಲಮ್‌ನಲ್ಲಿ ಅಮ್ಮನ ಜೊತೆ ಮೂರು ರಾತ್ರಿ

ಇಂಗ್ಲೆಂಡಿನ ಮ್ಯಾಲಮ್ ಅನ್ನುವ ಹಳ್ಳಿಗೆ ಹೋಗುವ ಯೋಚನೆ ಇದ್ದರೆ ರಾತ್ರಿ ಉಳಿಯುವ ಹಾಗೆ ಹೋಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲೀಡ್ಸ್, ಬ್ರ್ಯಾಡ್‌ಫರ್ಡ್ ಕಡೆಯ ನಮ್ಮವರು ಬಹಳ ಜನ ಬೆಳಗ್ಗೆ ಕಾರಲ್ಲಿ ಹೋಗಿ, ಹನ್ನೊಂದು ಗಂಟೆಗೆ ಪಾರ್ಕಿಂಗ್‌ಗೆ ಒದ್ದಾಡಿ, ದೊಡ್ಡ ಬಂಡೆ ಮುಂದೆ ಫೋಟೋ ತೆಗೆಸಿಕೊಂಡು, ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ, ಮೂರು ಗಂಟೆಗೆ ವಾಪಸ್ ಹೊರಟುಬಿಡುತ್ತಾರೆ. ನಾವೂ ಎರಡು ಸಲ ಹಾಗೇ ಹೋಗಿ ಬಂದಿದ್ದೆವು. ಈ ಸಲ ಮೇ ತಿಂಗಳಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಳು. ಅವಳಿಗೆ ಮಂಡಿನೋವು, ಅವಸರದಲ್ಲಿ ಓಡಾಡುವ ಹಾಗಿಲ್ಲ. ಅದಕ್ಕೇ ಮೂರು ರಾತ್ರಿ ಉಳಿದೆವು, ನಾನು ಮತ್ತು ಅವಳು ಇಬ್ಬರೇ. ಸಂಜೆ ಕಾರುಗಳೆಲ್ಲ ಖಾಲಿಯಾದ ಮೇಲೆ ಅದು ಬೇರೆಯೇ ಊರು. ಹಳ್ಳದ ಸದ್ದು, ಕುರಿಮರಿಗಳ ಕೂಗು, ಅಷ್ಟೇ.

ಅಂಕ ಕೊಡಲೇಬೇಕು ಅಂದರೆ ಊರಿಗೆ ಮತ್ತು ಸುತ್ತಲಿನ ಕಾಲುದಾರಿಗಳಿಗೆ ಐದಕ್ಕೆ ಐದು. ನಾವು ಉಳಿದ ಗೆಸ್ಟ್‌ಹೌಸ್‌ಗೆ ಮೂರು, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬಸ್ಸಿಗೆ ಮೂರೂವರೆ. ಊಟಕ್ಕೆ ನಾಲ್ಕು, ಆದರೆ ನೀವು ಸಸ್ಯಾಹಾರಿಗಳಾದರೆ ಊಟದ ವಿಷಯ ಬರೆದಿರುವ ಕಡೆ ಸರಿಯಾಗಿ ಓದಿ.

ಊರು ಇರುವುದು ನಾರ್ತ್ ಯಾರ್ಕ್‌ಶೈರ್‌ನಲ್ಲಿ, ಯಾರ್ಕ್‌ಶೈರ್ ಡೇಲ್ಸ್ ನ್ಯಾಷನಲ್ ಪಾರ್ಕ್‌ನ ಒಳಗೆ. ಪಾರ್ಕ್ ಅಂದ ಕೂಡಲೇ ನಮ್ಮ ನಾಗರಹೊಳೆ ತರಹ ಕಾಡು, ಗೇಟು, ಜೀಪು ಅಂದುಕೊಳ್ಳಬೇಡಿ. ಇಲ್ಲಿ ನ್ಯಾಷನಲ್ ಪಾರ್ಕ್ ಒಳಗೇ ಜನ ಇರುತ್ತಾರೆ, ಹೊಲ ಇರುತ್ತದೆ, ಕುರಿ ಸಾಕುತ್ತಾರೆ, ಪಬ್ ನಡೆಸುತ್ತಾರೆ. ಈ ಪಾರ್ಕ್ ಆಗಿದ್ದು 1954ರಲ್ಲಿ. ಊರು ಅದಕ್ಕಿಂತ ಎಷ್ಟೋ ಹಳೆಯದು, 1086ರ ರಾಜನ ಲೆಕ್ಕದ ಪುಸ್ತಕದಲ್ಲೇ ಅದರ ಹೆಸರು ಸಿಗುತ್ತದೆ. ಇನ್ನೂರು ಚಿಲ್ಲರೆ ಜನ. ಬೂದು ಬಣ್ಣದ ಕಲ್ಲಿನ ಮನೆಗಳು, ಮಧ್ಯೆ ಹಳ್ಳ, ಅದಕ್ಕೆ ಸಣ್ಣ ಸಣ್ಣ ಕಲ್ಲಿನ ಸೇತುವೆ. ಹಳ್ಳಕ್ಕೆ ಇಲ್ಲಿನವರು ಬೆಕ್ ಅನ್ನುತ್ತಾರೆ. ಹಿಂದೆ ಈ ಹಳ್ಳದ ಒಂದು ದಡದ ಜಮೀನು ಒಂದು ಮಠಕ್ಕೆ, ಇನ್ನೊಂದು ದಡದ್ದು ಇನ್ನೊಂದು ಮಠಕ್ಕೆ ಸೇರಿತ್ತು. ಪೂರ್ವದ್ದು ಬೋಲ್ಟನ್ ಪ್ರಯರಿಗೆ, ಪಶ್ಚಿಮದ್ದು ಫೌಂಟನ್ಸ್ ಅಬ್ಬಿಗೆ. ಮಠದವರಿಗೆ ಬೇಕಾಗಿದ್ದು ಕುರಿ ಉಣ್ಣೆ. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ, ಮಠ ಹೋಯಿತು, ಕುರಿಗಳು ಉಳಿದವು.

ಹೋಗುವುದು ಹೇಗೆ? ಲೀಡ್ಸ್‌ನಿಂದ ಸ್ಕಿಪ್ಟನ್‌ಗೆ ರೈಲು, ಮುಕ್ಕಾಲು ಗಂಟೆ. ಅಲ್ಲಿಂದ ಬಸ್ಸು. ಬಸ್ಸು ದಿನಕ್ಕೆ ಕೆಲವೇ ಇರುವುದು, ಸೀಸನ್ ಮೇಲೆ, ವಾರದ ಮೇಲೆ ಸಮಯ ಬದಲಾಗುತ್ತದೆ, ಹಾಗಾಗಿ ಹಳೆಯ ಟೈಮ್‌ಟೇಬಲ್ ನಂಬಿಕೊಂಡು ಹೊರಡಬೇಡಿ, ಹಿಂದಿನ ದಿನ ನೋಡಿಕೊಳ್ಳಿ. ವಾಪಸ್ ಬರುವ ಕೊನೆಯ ಬಸ್ಸು ಸಂಜೆಗೇ ಹೋಗಿಬಿಡುತ್ತದೆ. ಅದು ತಪ್ಪಿದರೆ ಟ್ಯಾಕ್ಸಿಯೇ ಗತಿ. ಟ್ಯಾಕ್ಸಿಗೆ ಫೋನ್ ಮಾಡೋಣ ಅಂದರೆ ಊರಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಬರುವುದಿಲ್ಲ, ನನ್ನ ಫೋನ್ ಅಂತೂ ಮೂರು ದಿನ ಹೆಚ್ಚುಕಡಿಮೆ ಸುಮ್ನೆ ಇತ್ತು. ಇಂಗ್ಲೆಂಡಿನಲ್ಲಿ 2025ರ ಜನವರಿಯಿಂದ ಬಹುಪಾಲು ಬಸ್ಸುಗಳಿಗೆ ಒಂದು ಸಲಕ್ಕೆ 3 ಪೌಂಡ್‌ಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ, ಆದ್ದರಿಂದ ಖರ್ಚು ದೊಡ್ಡದಲ್ಲ. ಸ್ಕಿಪ್ಟನ್‌ನಲ್ಲಿ ಬಸ್ಸಿಗೆ ಕಾಯಬೇಕಾದರೆ ಬೇಜಾರು ಮಾಡಿಕೊಳ್ಳಬೇಡಿ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಅಲ್ಲಿ ಬೀದಿಯಲ್ಲೇ ಸಂತೆ. ಅಮ್ಮ ಅಲ್ಲಿ ಒಂದು ಕಂತೆ ಮೂಲಂಗಿ ಕೊಂಡು ಮ್ಯಾಲಮ್‌ವರೆಗೂ ಹೊತ್ತುಕೊಂಡು ಬಂದಳು.

ಬಸ್ಸಿನ ಕೊನೆಯ ಹತ್ತು ನಿಮಿಷದ ದಾರಿ ನಮ್ಮ ಮಲೆನಾಡಿನ ಒಳರಸ್ತೆಗಳಷ್ಟೇ ಕಿರಿದು, ಎರಡೂ ಕಡೆ ಎದೆಯೆತ್ತರದ ಕಲ್ಲಿನ ಪಾಗಾರ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ಕಾರಲ್ಲಿ ಹೋಗುವವರು ಇದನ್ನು ನೆನಪಿಡಿ. ಪಾರ್ಕಿಂಗ್ ಇರುವುದು ಊರಿನ ಬಾಗಿಲಲ್ಲೇ, ನ್ಯಾಷನಲ್ ಪಾರ್ಕ್ ಸೆಂಟರ್ ಹತ್ತಿರ, ದುಡ್ಡು ಕೊಡಬೇಕು. ದಯವಿಟ್ಟು ಹೊಲದ ಗೇಟಿನ ಮುಂದೆ ನಿಲ್ಲಿಸಬೇಡಿ, ರೈತರಿಗೆ ಅದು ನಿಜವಾದ ತೊಂದರೆ.

ಈಗ ಗೆಸ್ಟ್‌ಹೌಸ್ ವಿಷಯ. ಹೆಸರು ಹೇಳುವುದಿಲ್ಲ. ರೂಮ್ ಬುಕ್ ಮಾಡುವಾಗ ಕೆಳಗಿನ ಮಹಡಿ ಬೇಕು, ಅಮ್ಮನಿಗೆ ಮಂಡಿನೋವು ಅಂತ ಬರೆದಿದ್ದೆ, ಆಗಲಿ ಅಂತ ಉತ್ತರವೂ ಬಂದಿತ್ತು. ಹೋಗಿ ನೋಡಿದರೆ ರೂಮು ಮೇಲೆ. ಹಳೆಯ ಮನೆಯ ಮೆಟ್ಟಿಲು, ಕಡಿದಾಗಿ ತಿರುಗಿಕೊಂಡು ಹೋಗುತ್ತದೆ, ಹಿಡಿದುಕೊಳ್ಳಲು ಒಂದು ಕಡೆ ಮಾತ್ರ ಹಗ್ಗ. ಕೆಳಗಿನ ರೂಮನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಕ್ಷಮೆ ಕೇಳಿದರು, ಅಷ್ಟೇ, ಬೇರೆ ಏನೂ ಮಾಡಲಿಲ್ಲ. ಅಮ್ಮ ಪ್ರತಿ ಸಲ ಕುಂಡೆ ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು. ರೂಮು ಚೊಕ್ಕಟವಾಗಿತ್ತು, ಹಾಸಿಗೆ ಬೆಚ್ಚಗಿತ್ತು, ಕಿಟಕಿ ತೆರೆದರೆ ಹಳ್ಳ ಕಾಣುತ್ತಿತ್ತು, ಇದೆಲ್ಲ ನಿಜ. ಆದರೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬರೆದು ಸುಮ್ಮನಾಗಬೇಡಿ, ಹೊರಡುವ ಎರಡು ದಿನ ಮುಂಚೆ ಫೋನ್ ಮಾಡಿ ಮಾತಾಡಿ. ಡೇಲ್ಸ್‌ನ ಹಳೆಯ ಮನೆಗಳಲ್ಲಿ ಕೆಳಗಡೆ ರೂಮು ಕಡಿಮೆ. ಊರಲ್ಲಿ ಯೂತ್ ಹಾಸ್ಟೆಲ್ ಇದೆ, ಎರಡು ಪಬ್ಬುಗಳಲ್ಲೂ ರೂಮುಗಳಿವೆ, ಬೇಸಿಗೆಯಲ್ಲಿ ಟೆಂಟ್ ಹಾಕಲೂ ಜಾಗ ಸಿಗುತ್ತದೆ.

ಮೊದಲ ದಿನ ಸಂಜೆಯೇ ಕೋವ್ ನೋಡಲು ಹೋದೆವು. ಊರಿನಿಂದ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ದಾರಿ ಗಟ್ಟಿಯಾಗಿದೆ, ಮಂಡಿನೋವಿನವರೂ ನಿಧಾನಕ್ಕೆ ಹೋಗಬಹುದು. ಮ್ಯಾಲಮ್ ಕೋವ್ ಅಂದರೆ ಸುಣ್ಣದ ಕಲ್ಲಿನ ಒಂದೇ ದೊಡ್ಡ ಗೋಡೆ, ಸುಮಾರು 80 ಮೀಟರ್ ಎತ್ತರ, 300 ಮೀಟರ್ ಅಗಲ, ಮೊರ ನಿಲ್ಲಿಸಿದ ಹಾಗೆ ಒಳಕ್ಕೆ ಬಾಗಿದೆ. ಹಿಮಯುಗ ಮುಗಿಯುವ ಕಾಲಕ್ಕೆ ಕರಗಿದ ನೀರು ಇದರ ಮೇಲಿಂದ ಜಲಪಾತವಾಗಿ ಬೀಳುತ್ತಿತ್ತಂತೆ. ಈಗ ನೀರು ಬೀಳುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಅನ್ನುವ ಬಿರುಗಾಳಿ ಮಳೆ ಬಂದಾಗ ಸ್ವಲ್ಪ ಹೊತ್ತು ಮತ್ತೆ ಜಲಪಾತ ಬಿದ್ದಿತ್ತು, ಅದನ್ನು ನೋಡಿದವರು ಅದೃಷ್ಟವಂತರು.

ಅಮ್ಮ ಗೋಡೆಯ ಎತ್ತರ ನೋಡುತ್ತಾ ನಿಲ್ಲಲಿಲ್ಲ. ಸೀದಾ ಬುಡಕ್ಕೆ ಹೋದಳು. ಅಲ್ಲಿ ಬಂಡೆಯ ಕೆಳಗೆ ಮೊಣಕಾಲೆತ್ತರದ ಒಂದು ಸೀಳು ಇದೆ, ಅದರೊಳಗಿಂದ ಹಳ್ಳಕ್ಕೆ ಹಳ್ಳವೇ ಹೊರಗೆ ಬರುತ್ತದೆ. ಬುಗ್ಗೆ ತರಹ ಗುಳುಗುಳು ಏಳುವುದಲ್ಲ, ಸದ್ದೇ ಇಲ್ಲದೆ ಜಾರಿಕೊಂಡು ಬರುತ್ತದೆ. ಅಮ್ಮ ಕೈ ಅದ್ದಿ, "ಎಷ್ಟು ತಣ್ಣಗಿದೆ ಮಾರಾಯ್ತಿ, ಇದು ಎಲ್ಲಿಂದ ಬರ್ತದೆ?" ಅಂದಳು. ಅದಕ್ಕೆ ಉತ್ತರ ಕೇಳಿದರೆ ನಿಮಗೂ ಆಶ್ಚರ್ಯವಾಗುತ್ತದೆ. ಸುಣ್ಣದ ಕಲ್ಲಿನಲ್ಲಿ ನೀರು ಮೇಲೆ ನಿಲ್ಲುವುದಿಲ್ಲ, ಬಿರುಕುಗಳಲ್ಲಿ ಇಳಿದುಬಿಡುತ್ತದೆ. ಮೇಲೆ ಬಯಲಲ್ಲಿ ಮ್ಯಾಲಮ್ ಟಾರ್ನ್ ಅಂತ ಒಂದು ಕೆರೆ ಇದೆ. ಅದರಿಂದ ಹೊರಟ ತೊರೆ ಸ್ವಲ್ಪ ದೂರ ಹರಿದು, ಎಲ್ಲರ ಕಣ್ಣೆದುರೇ ಕಲ್ಲುಗಳ ನಡುವೆ ಮಾಯವಾಗುತ್ತದೆ. ಕೋವ್‌ನ ಬುಡದಲ್ಲಿ ಬರುವುದು ಅದೇ ನೀರು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಬಣ್ಣ ಬೆರೆಸಿ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು, ಕೆರೆಯ ನೀರು ಮುಖ್ಯವಾಗಿ ಏಳುವುದು ಊರು ದಾಟಿ ಕೆಳಗೆ, ಏರ್ ಹೆಡ್ ಎಂಬ ಜಾಗದಲ್ಲಿ. ಕೋವ್‌ಗೆ ಬರುವ ನೀರು ಇನ್ನೊಂದು ಕಡೆ ಇಳಿದದ್ದು. ಎರಡೂ ನೆಲದೊಳಗೆ ಒಂದರ ದಾರಿಯನ್ನು ಇನ್ನೊಂದು ದಾಟಿಕೊಂಡು ಬರುತ್ತವೆ. ಆಮೇಲೆ ಎರಡೂ ಸೇರಿ ಏರ್ ನದಿ. ನಾನು ದಿನಾ ಕೆಲಸಕ್ಕೆ ಹೋಗುವಾಗ ಲೀಡ್ಸ್‌ನಲ್ಲಿ ಸೇತುವೆ ಮೇಲೆ ದಾಟುವುದು ಇದೇ ನದಿಯನ್ನು. ಅಲ್ಲಿ ಅದು ಕಂದು ಬಣ್ಣ. ಇಲ್ಲಿ ತಳದ ಒಂದೊಂದು ಕಲ್ಲೂ ಎಣಿಸಬಹುದು.

ಕೋವ್‌ನಲ್ಲಿ ಪೆರೆಗ್ರಿನ್ ಡೇಗೆ ಗೂಡು ಕಟ್ಟುತ್ತದೆ. ಮರಿ ಮಾಡುವ ಕಾಲದಲ್ಲಿ ಹಕ್ಕಿ ಸಂರಕ್ಷಣೆಯ ಸ್ವಯಂಸೇವಕರು ಕೆಳಗೆ ದೊಡ್ಡ ದುರ್ಬೀನು ಇಟ್ಟುಕೊಂಡು ನಿಂತಿರುತ್ತಾರೆ, ಪುಕ್ಕಟೆ ತೋರಿಸುತ್ತಾರೆ. ಮಾರನೆಯ ದಿನ ಹೋದಾಗ ಅಮ್ಮನಿಗೆ ಅವರು ದುರ್ಬೀನು ತಗ್ಗಿಸಿ, ಹಕ್ಕಿ ಕೂತ ಜಾಗಕ್ಕೆ ಹೊಂದಿಸಿ ಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಮ್ಮ ಹತ್ತು ನಿಮಿಷ ಕಣ್ಣು ತೆಗೆಯಲಿಲ್ಲ.

ಕೋವ್‌ನ ಮೇಲೆ ಹತ್ತಲು ಪಕ್ಕದಲ್ಲಿ ಕಲ್ಲಿನ ಮೆಟ್ಟಿಲಿವೆ, ಸುಮಾರು 400. ಅಮ್ಮನಿಗೆ ಅದು ಆಗುವ ಮಾತಲ್ಲ, ಹಾಗಾಗಿ ಎರಡನೇ ದಿನ ಅವಳು ಏಳುವ ಮುಂಚೆ, ಬೆಳಗ್ಗೆ ಆರಕ್ಕೆ ನಾನೊಬ್ಬಳೇ ಹೋಗಿ ಬಂದೆ. ಮೇಲೆ ನೆಲವೆಲ್ಲ ಬಿಳಿ ಕಲ್ಲಿನ ಹಾಸು. ಯಾರೋ ದೊಡ್ಡ ದೊಡ್ಡ ಚಪ್ಪಡಿ ಜೋಡಿಸಿ ನಡುವೆ ಸಂದು ಬಿಟ್ಟ ಹಾಗಿದೆ. ಮನುಷ್ಯ ಮಾಡಿದ್ದಲ್ಲ, ಮಳೆ ನೀರು ಸಾವಿರಾರು ವರ್ಷ ಕರಗಿಸಿ ಮಾಡಿದ್ದು. ಚಪ್ಪಡಿಗೆ ಕ್ಲಿಂಟ್ ಅಂತಲೂ ಸಂದಿಗೆ ಗ್ರೈಕ್ ಅಂತಲೂ ಹೆಸರು. ಸಂದು ಕೆಲವು ಕಡೆ ನನ್ನ ಸೊಂಟದಷ್ಟು ಆಳ. ಬಗ್ಗಿ ನೋಡಿದರೆ ಒಳಗೆ ಹಸಿ ಹಸಿ ಜರಿಗಿಡ, ನಾಲಿಗೆ ಆಕಾರದ ಎಲೆ, ಬಿಳಿ ಹೂವು. ಮೇಲೆ ಗಾಳಿಗೆ ಒಂದು ಹುಲ್ಲೂ ನಿಲ್ಲದ ಬಂಡೆ, ಒಂದು ಮೊಳ ಕೆಳಗೆ ನೆರಳಿನ ಕಾಡು. ಇಲ್ಲಿ ಕಾಲಿಡುವಾಗ ಬಹಳ ಎಚ್ಚರ ಬೇಕು. ಜನ ಓಡಾಡಿ ಕಲ್ಲು ನುಣ್ಣಗಾಗಿದೆ, ಇಬ್ಬನಿಗೆ ಎಣ್ಣೆ ಸವರಿದ ಹಾಗೆ ಜಾರುತ್ತದೆ, ಸಂದಿನಲ್ಲಿ ಕಾಲು ಸಿಕ್ಕರೆ ಮೂಳೆ ಮುರಿಯುತ್ತದೆ. ಮಕ್ಕಳ ಕೈ ಬಿಡಬೇಡಿ, ಅಂಚಿಗೆ ಬೇಲಿ ಇಲ್ಲ. ನೆನಪಿಗೆ ಅಂತ ಒಂದು ಕಲ್ಲನ್ನೂ ತರಬೇಡಿ, ಹಿಂದೆ ತೋಟದ ಅಲಂಕಾರಕ್ಕೆ ಅಂತ ಇಂಥ ಹಾಸುಗಳನ್ನು ಕಿತ್ತು ಮಾರಿ ಎಷ್ಟೋ ಕಡೆ ಹಾಳು ಮಾಡಿದ್ದಾರೆ, ಈಗ ಕಾನೂನಿನ ರಕ್ಷಣೆ ಇದೆ.

ನನಗೆ ಈ ಊರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಬಂಡೆಯೂ ಅಲ್ಲ, ಕೆರೆಯೂ ಅಲ್ಲ, ಕಾಲುದಾರಿ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಊರಿಂದ ಯಾವ ಕಡೆ ಹೊರಟರೂ ಮರದ ಒಂದು ಕಂಬ, ಅದರ ಮೇಲೆ ಪಬ್ಲಿಕ್ ಫುಟ್‌ಪಾತ್ ಅಂತ ಬರೆದ ಕೈಮರ, ಹಳದಿ ಬಾಣ. ಬಾಣ ತೋರಿಸುವ ಕಡೆ ನೋಡಿದರೆ ಯಾರದೋ ಹೊಲ, ಹೊಲದ ತುಂಬ ಕುರಿ. ಮೊದಮೊದಲು ಇಂಗ್ಲೆಂಡಿಗೆ ಬಂದಾಗ ನನಗೆ ಒಳಗೆ ಹೋಗಲು ಧೈರ್ಯವೇ ಬರುತ್ತಿರಲಿಲ್ಲ. ಆದರೆ ಅದು ದಾರಿಯೇ. ಜಮೀನು ಅವರದ್ದು, ನಡೆಯುವ ಹಕ್ಕು ಎಲ್ಲರದ್ದು. ಅವರು ಅದನ್ನು ಮುಚ್ಚುವ ಹಾಗಿಲ್ಲ, ಉಳುವುದಾದರೂ ಮತ್ತೆ ದಾರಿ ಬಿಡಿಸಿಕೊಡಬೇಕು. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲೂ ಹೋಗಬಹುದು.

ಈ ಹಕ್ಕು ಯಾರೋ ದಾನ ಕೊಟ್ಟಿದ್ದಲ್ಲ. 1932ರ ಏಪ್ರಿಲ್ 24ರಂದು, ಇಲ್ಲಿಂದ ದಕ್ಷಿಣಕ್ಕೆ ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಅನ್ನುವ ಗುಡ್ಡಕ್ಕೆ ನೂರಾರು ಜನ ನುಗ್ಗಿದರು. ಮಿಲ್ಲು, ಕಾರ್ಖಾನೆಗಳಲ್ಲಿ ವಾರವಿಡೀ ದುಡಿದು ಭಾನುವಾರ ಒಂದು ದಿನ ಗುಡ್ಡದ ಗಾಳಿ ಬೇಕು ಅಂದವರು. ಗುಡ್ಡವೆಲ್ಲ ದೊಡ್ಡ ಜಮೀನುದಾರರ ಬೇಟೆಯ ಜಾಗ, ಕಾವಲುಗಾರರ ಜೊತೆ ಹೊಡೆದಾಟವಾಯಿತು, ಕೆಲವು ಹುಡುಗರಿಗೆ ಜೈಲೂ ಆಯಿತು. 1949ರಲ್ಲಿ ನ್ಯಾಷನಲ್ ಪಾರ್ಕ್‌ಗಳಿಗೆ ಮತ್ತು ಕಾಲುದಾರಿಗಳ ದಾಖಲೆಗೆ ಕಾನೂನು ಬಂತು. ಆಮೇಲೆ 1965ರಲ್ಲಿ ಪೆನ್ನೈನ್ ವೇ ಅನ್ನುವ 268 ಮೈಲಿಯ ಕಾಲುದಾರಿ ತೆರೆದರು, ಅದೂ ಏಪ್ರಿಲ್ 24ರಂದೇ. ಸಮಾರಂಭ ನಡೆದದ್ದು ಇದೇ ಮ್ಯಾಲಮ್‌ನ ಬಯಲಲ್ಲಿ. ಆ ದಾರಿ ಈ ಊರಿನ ನಡುವೆಯೇ ಹಾದು, ಕೋವ್‌ನ ಆ 400 ಮೆಟ್ಟಿಲು ಹತ್ತಿ ಉತ್ತರಕ್ಕೆ ಸ್ಕಾಟ್ಲೆಂಡ್ ಗಡಿ ದಾಟುತ್ತದೆ. ನಮ್ಮ ಗೆಸ್ಟ್‌ಹೌಸ್‌ನಲ್ಲಿ ಆ ದಾರಿ ಪೂರ್ತಿ ನಡೆಯಲು ಹೊರಟಿದ್ದ ಒಬ್ಬ ಮುದುಕರಿದ್ದರು, ಎಪ್ಪತ್ತು ದಾಟಿತ್ತು. ಬೆಳಗ್ಗೆ ಅಂಗಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಾ ಕೂತಿದ್ದರು. ಅಮ್ಮ ತನ್ನ ಮಂಡಿಗೆ ಹಚ್ಚುವ ಎಣ್ಣೆ ತಂದುಕೊಟ್ಟಳು, ಅವರು ಮೂಸಿ ನೋಡಿ, ಹಚ್ಚಿಕೊಂಡು, ಬಾಟಲಿ ಹಿಂದೆ ಕೊಟ್ಟು, ಎರಡೂ ಕೈ ಜೋಡಿಸಿದರು.

ಎರಡನೇ ದಿನ ನಾವು ಹೊಲದ ದಾರಿ ಹಿಡಿದು ಜ್ಯಾನೆಟ್ಸ್ ಫಾಸ್ ಕಡೆ ಹೊರಟೆವು. ಊರಿಂದ ಸುಮಾರು ಒಂದೂವರೆ ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು. ಈ ದಾರಿಯಲ್ಲಿ ಗೇಟುಗಳಿವೆ. ಬೇರೆ ಹೊಲಗಳಲ್ಲಿ ಮಾತ್ರ ಪಾಗಾರ ದಾಟಲು ಗೋಡೆಯಿಂದಲೇ ಹೊರಗೆ ಚಾಚಿದ ಕಲ್ಲಿನ ಮೆಟ್ಟಿಲು, ಇಲ್ಲವೇ ಎರಡು ನಿಂತ ಕಲ್ಲಿನ ನಡುವೆ ಒಬ್ಬರೇ ನುಸುಳುವಷ್ಟು ಸಂದು. ಮನುಷ್ಯ ದಾಟಬೇಕು, ದನ ಕುರಿ ದಾಟಬಾರದು. ಅಮ್ಮ ಅಂಥದೊಂದನ್ನು ನೋಡಿದವಳೇ ನಿಂತುಬಿಟ್ಟಳು. "ಇದು ತಡಮೆ ಕಣೆ! ನಮ್ಮನೆ ತೋಟದ ತಡಮೆ ಹಿಂಗೇ ಇತ್ತು, ಅಜ್ಜ ಹಾಕಿಸಿದ್ದು." ನನಗೆ ಆ ಪದವೇ ಮರೆತುಹೋಗಿತ್ತು. ಹತ್ತು ವರ್ಷದಿಂದ ಇಲ್ಲಿನ ತಡಮೆಗಳನ್ನು ದಾಟುತ್ತಾ, ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರು ಹಿಡಿದು ಸ್ಟೈಲ್ ಸ್ಟೈಲ್ ಅನ್ನುತ್ತಿದ್ದೆ. ಅಮ್ಮ ದಾಟಲೇಬೇಕು ಅಂದಳು. ನಾನು ಆ ಕಡೆ ನಿಂತು ಕೈ ಹಿಡಿದೆ, ಅವಳು ಸೀರೆ ಎತ್ತಿ ಕಟ್ಟಿ, ಒಳ್ಳೆಯ ಕಾಲು ಮೊದಲು ಇಟ್ಟು, ಐದು ನಿಮಿಷ ತೆಗೆದುಕೊಂಡು ದಾಟಿದಳು. ಗೆಸ್ಟ್‌ಹೌಸ್ ಮೆಟ್ಟಿಲಲ್ಲಿ ಅಳುಮುಖ ಮಾಡಿದವಳು ಇಲ್ಲಿ ಏದುಸಿರಲ್ಲೂ ನಗುತ್ತಿದ್ದಳು.

ಅಲ್ಲೇ ಮುಂದೆ ಒಬ್ಬ ರೈತರು ಕುಸಿದ ಪಾಗಾರ ಕಟ್ಟುತ್ತಿದ್ದರು. ಸಿಮೆಂಟ್ ಇಲ್ಲ, ಮಣ್ಣೂ ಇಲ್ಲ, ಬರೀ ಕಲ್ಲು. ನಾವು ನಿಂತಿದ್ದು ನೋಡಿ ಅವರೇ ಮಾತಾಡಿಸಿದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅದು ಒಂದು ಗೋಡೆಯಲ್ಲ, ಎರಡು. ಬುಡದಲ್ಲಿ ಅಗಲ, ಮೇಲೆ ಹೋದ ಹಾಗೆ ಎರಡೂ ಒಂದಕ್ಕೊಂದು ಒರಗುತ್ತವೆ. ನಡುವಿನ ಜಾಗಕ್ಕೆ ಸಣ್ಣ ಕಲ್ಲು ತುಂಬುತ್ತಾರೆ, ಎಸೆಯುವುದಿಲ್ಲ, ಒಂದೊಂದೇ ಕೂರಿಸುತ್ತಾರೆ. ಅಲ್ಲಲ್ಲಿ ಎರಡೂ ಗೋಡೆಗೆ ಅಡ್ಡಲಾಗಿ ಉದ್ದನೆಯ ಕಲ್ಲು, ಅದು ಎರಡನ್ನೂ ಕಟ್ಟಿ ಹಿಡಿಯುತ್ತದೆ. ಮೇಲೆ ಸಾಲಾಗಿ ನಿಲ್ಲಿಸಿದ ಭಾರದ ಕಲ್ಲು. ಅಮ್ಮ ಒಂದು ಸಣ್ಣ ಕಲ್ಲು ಎತ್ತಿ, ತಿರುಗಿಸಿ ನೋಡಿ, ಒಂದು ಸಂದಿಗೆ ಇಟ್ಟಳು. ಅವರು ಅದನ್ನು ತೆಗೆದು, ಅರ್ಧ ಸುತ್ತು ತಿರುಗಿಸಿ, ಅದೇ ಸಂದಿಗೆ ಒತ್ತಿದರು. ಈಗ ಅಲ್ಲಾಡಲಿಲ್ಲ. ಈ ಡೇಲ್ಸ್ ಸೀಮೆಯಲ್ಲಿ ಇಂಥ ಪಾಗಾರ ಒಟ್ಟು ಸುಮಾರು 8,000 ಕಿಲೋಮೀಟರ್ ಇದೆ ಅನ್ನುತ್ತಾರೆ, ಬಹಳಷ್ಟು 18, 19ನೇ ಶತಮಾನದಲ್ಲಿ ಊರಿನ ಗೋಮಾಳಗಳನ್ನು ಪಾಲು ಮಾಡಿ ಬೇಲಿ ಹಾಕಿದ ಕಾಲದ್ದು. ಬಡವರ ದನ ಮೇಯುವ ಜಾಗ ಹೋದದ್ದೂ ಆಗಲೇ. ಗೋಡೆ ಚೆಂದ ಅನ್ನುವಾಗ ಅದನ್ನೂ ನೆನೆಯಬೇಕು. ಯಾರಾದರೂ ಹತ್ತಿ ಕೂತು ಫೋಟೋ ತೆಗೆಸಿಕೊಂಡರೆ ಮೇಲಿನ ಕಲ್ಲು ಕದಲುತ್ತದೆ, ಮಳೆಗಾಲಕ್ಕೆ ಒಂದು ಮಾರು ಕುಸಿಯುತ್ತದೆ. ಆ ರೈತರು ಕಟ್ಟುತ್ತಿದ್ದದ್ದು ಅಂಥದ್ದನ್ನೇ. ದಯವಿಟ್ಟು ಹತ್ತಬೇಡಿ.

ಕುರಿ ಎಣಿಸಲು ಇಲ್ಲಿ ಹಳಬರದ್ದು ಬೇರೆಯೇ ಲೆಕ್ಕ ಇತ್ತು. ಯಾನ್, ಟ್ಯಾನ್, ಟೆದರ್, ಮೆದರ್, ಪಿಪ್, ಅಂದರೆ ಒಂದರಿಂದ ಐದು. ಒಂದು ಕಣಿವೆಯಿಂದ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪ ಬೇರೆ. ಅಮ್ಮ ವಾಪಸ್ ಬರುವ ದಾರಿಯುದ್ದ ಅದನ್ನೇ ಬಾಯಿಪಾಠ ಮಾಡಿದಳು. ಕುರಿಗಳೂ ನಮ್ಮ ಕಡೆಯವಲ್ಲ, ಕಪ್ಪು ಮುಖ, ಬಿಳಿ ಮೂತಿ, ಹೆಣ್ಣಿಗೂ ಸುರುಳಿ ಕೊಂಬು, ಯಾರ ಕುರಿ ಅಂತ ಗುರುತಿಗೆ ಉಣ್ಣೆಯ ಮೇಲೆ ಕೆಂಪು ನೀಲಿ ಬಣ್ಣದ ಗುರುತು. ಮೇ ತಿಂಗಳಲ್ಲಿ ಮರಿಗಳಿರುತ್ತವೆ. ಹತ್ತಿರ ಹೋಗಿ ಮುಟ್ಟಬೇಡಿ, ನಾಯಿ ಇದ್ದರೆ ಹಗ್ಗ ಬಿಡಬೇಡಿ. ಕರು ಹಾಕಿದ ದನಗಳಿದ್ದ ಹೊಲವಾದರೆ ದೂರದಿಂದ ಬಳಸಿಕೊಂಡು ಹೋಗಿ, ಇಲ್ಲಿನ ದನ ನಮ್ಮ ಕೊಟ್ಟಿಗೆಯ ಗೌರಿಯ ಹಾಗಲ್ಲ.

ಜ್ಯಾನೆಟ್ಸ್ ಫಾಸ್ ಸಣ್ಣ ಜಲಪಾತ. ಜೋಗ ನೋಡಿದವರಿಗೆ ಎತ್ತರ ಏನೂ ಅಲ್ಲ. ಆದರೆ ಅಲ್ಲಿಗೆ ಹೋಗುವ ಕಾಡುದಾರಿ ಮೇ ತಿಂಗಳಲ್ಲಿ ಪೂರ್ತಿ ಕಾಡು ಬೆಳ್ಳುಳ್ಳಿಯ ಬಿಳಿ ಹೂವು. ವಾಸನೆ ಒಗ್ಗರಣೆ ಹಾಕಿದ ಹಾಗೇ ಬರುತ್ತದೆ. ದಾರಿ ಪಕ್ಕ ಬಿದ್ದ ಮರದ ದಿಮ್ಮಿಗಳಿಗೆ ಜನ ನಾಣ್ಯ ಬಡಿದು ಬಡಿದು ಕೂರಿಸಿದ್ದಾರೆ, ಮೀನಿನ ಹುರುಪೆ ಹಾಗೆ ಒತ್ತೊತ್ತಾಗಿ. ನೀರಿನ ಹಿಂದಿನ ಗವಿಯಲ್ಲಿ ಜ್ಯಾನೆಟ್ ಅನ್ನುವ ಕಿನ್ನರಿಯರ ರಾಣಿ ಇದ್ದಾಳೆ ಅಂತ ನಂಬಿಕೆ. ಫಾಸ್ ಅಂದರೆ ಜಲಪಾತ, ಸಾವಿರ ವರ್ಷದ ಹಿಂದೆ ಇಲ್ಲಿಗೆ ಬಂದು ನೆಲೆಸಿದ ನಾರ್ವೆ ಕಡೆಯ ಜನರ ಮಾತು. ಕೆಳಗಿನ ಮಡುವಿನಲ್ಲಿ ಹಿಂದೆ ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುತ್ತಿದ್ದರಂತೆ.

ಅಲ್ಲಿಂದ ಸ್ವಲ್ಪ ಮುಂದೆ ಗಾರ್ಡೇಲ್ ಸ್ಕಾರ್. ಎರಡೂ ಕಡೆ ನೂರು ಮೀಟರ್ ಮೇಲಕ್ಕೆ ಎದ್ದ ಬಂಡೆ, ನಡುವೆ ನೀರು ಬೀಳುತ್ತದೆ. ಜೇಮ್ಸ್ ವಾರ್ಡ್ ಅನ್ನುವ ಚಿತ್ರಕಾರರು 1812ರಿಂದ 1814ರವರೆಗೆ ಇದನ್ನು ಬರೆದಿದ್ದಾರೆ, ಚಿತ್ರ ನಾಲ್ಕು ಮೀಟರ್‌ಗಿಂತ ಅಗಲ, ಲಂಡನ್ನಿನ ಟೇಟ್ ಚಿತ್ರಶಾಲೆಯವರ ಹತ್ತಿರ ಇದೆ. ಅದರಲ್ಲಿ ಕೆಳಗೆ ದನಗಳು ಕಾಣುತ್ತವೆ, ಆಗ ಅಳತೆ ಗೊತ್ತಾಗುತ್ತದೆ. ನೀರಿನ ಪಕ್ಕದ ಬಂಡೆ ಹತ್ತಿಕೊಂಡು ಮೇಲೆ ಹೋಗುವ ದಾರಿಯನ್ನು ನಕ್ಷೆಯಲ್ಲಿ ಸುಮ್ನೆ ಕಾಲುದಾರಿ ಅಂತ ತೋರಿಸಿದ್ದಾರೆ, ಅದನ್ನು ನಂಬಬೇಡಿ. ಕೈಕಾಲು ಎರಡೂ ಊರಿ ಹತ್ತಬೇಕು, ಮಳೆ ಬಂದಿದ್ದರೆ ಹತ್ತಲೇಬೇಡಿ. ನಾವು ಕೆಳಗೆ ನಿಂತು ನೋಡಿ ವಾಪಸ್ ಬಂದೆವು. ಗಟ್ಟಿಮುಟ್ಟಾಗಿದ್ದವರು ಫಾಸ್, ಸ್ಕಾರ್, ಕೋವ್ ಮೂರನ್ನೂ ಸೇರಿಸಿ ಒಂದು ಸುತ್ತು ಹಾಕಬಹುದು, ಏಳೆಂಟು ಕಿಲೋಮೀಟರ್, ಅರ್ಧ ದಿನ ಸಾಕು.

ಟಾರ್ನ್ ಕೆರೆಗೆ ಮೂರನೇ ದಿನ ಟ್ಯಾಕ್ಸಿಯಲ್ಲಿ ಹೋದೆವು. 377 ಮೀಟರ್ ಎತ್ತರದಲ್ಲಿದೆ, ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯವರು ನೋಡಿಕೊಳ್ಳುತ್ತಾರೆ. ಗಾಳಿ ಅಂದರೆ ಗಾಳಿ. ಮೇ ತಿಂಗಳಲ್ಲೂ ಅಮ್ಮನಿಗೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್. ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ.

ಊಟ. ಊರಲ್ಲಿ ಬಕ್ ಇನ್, ಲಿಸ್ಟರ್ ಆರ್ಮ್ಸ್ ಅಂತ ಎರಡು ಪಬ್, ಹಗಲಲ್ಲಿ ಚಹಾ ತಿಂಡಿಗೆ ಕೆಫೆ. ಪಬ್ ಅಂದರೆ ಕುಡಿಯುವವರ ಜಾಗ ಅಂತ ಅಮ್ಮ ಮೊದಲು ಬರಲು ಒಪ್ಪಲಿಲ್ಲ. ಒಳಗೆ ಬೆಂಕಿ ಉರಿಯುತ್ತಿತ್ತು, ಅಜ್ಜಿಯರು ಮೊಮ್ಮಕ್ಕಳ ಜೊತೆ ಊಟ ಮಾಡುತ್ತಿದ್ದರು, ಅದನ್ನು ನೋಡಿ ಕೂತಳು. ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಬೆಣ್ಣೆ, ಬೀನ್ಸ್, ಪಕ್ಕದಲ್ಲಿ ಹಸಿ ತರಕಾರಿ. ಅಮ್ಮ ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ತೆಗೆದಳು, ಯಾರೂ ಏನೂ ಅನ್ನಲಿಲ್ಲ. ಹೊಟ್ಟೆ ತುಂಬ ಊಟವಾಯಿತು.

ಸಸ್ಯಾಹಾರಿಗಳು ಒಂದು ಮಾತು ತಿಳಿದಿರಬೇಕು. ಯಾರ್ಕ್‌ಶೈರ್‌ನಲ್ಲಿ ಮೀನು ಚಿಪ್ಸ್ ಮಾಡುವ ಬಹಳಷ್ಟು ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. ಅದು ಈ ಸೀಮೆಯ ಹಳೆಯ ಪದ್ಧತಿ, ರುಚಿಗೆ ಅದೇ ಬೇಕು ಅನ್ನುತ್ತಾರೆ. ಆಲೂಗಡ್ಡೆ ತಾನೇ ಅಂತ ತಿಂದುಬಿಡಬೇಡಿ, ಯಾವುದರಲ್ಲಿ ಕರಿಯುತ್ತೀರಿ ಅಂತ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಾಗೇ ಯಾರ್ಕ್‌ಶೈರ್ ಪುಡಿಂಗ್‌ಗೆ ಮೊಟ್ಟೆ ಹಾಕುತ್ತಾರೆ. ಕೆಲವು ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದದ್ದು ಬಳಸುತ್ತಾರೆ, ಹೊದಿಕೆ ಮೇಲೆ ಸಸ್ಯಾಹಾರಿಗಳಿಗೆ ಸರಿ ಅಂತ ಬರೆದಿದೆಯಾ ನೋಡಿ. ಇಲ್ಲಿನವರು ಒಣಹಣ್ಣಿನ ಕೇಕಿನ ಜೊತೆ ಚೀಸ್ ತುಂಡು ಇಟ್ಟುಕೊಂಡು ತಿನ್ನುತ್ತಾರೆ, ನನಗೆ ಅದು ಬಹಳ ಇಷ್ಟ. ಗೆಸ್ಟ್‌ಹೌಸ್‌ನ ಬೆಳಗಿನ ತಿಂಡಿಯಲ್ಲಿ ಅಮ್ಮನಿಗೆ ದಿನಾ ಓಟ್ಸ್ ಗಂಜಿ, ಟೊಮ್ಯಾಟೊ, ಅಣಬೆ, ಟೋಸ್ಟ್. ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಅಂದಾಗ ಮಾಡಿಕೊಟ್ಟರು. ರೂಮಿನ ವಿಷಯದಲ್ಲಿ ಬೇಸರ ಮಾಡಿದರೂ ಇದನ್ನು ಹೇಳಲೇಬೇಕು.

ಬಟ್ಟೆ ಬಗ್ಗೆ. ಮಳೆ ಯಾವಾಗಲಾದರೂ ಬರುತ್ತದೆ, ಛತ್ರಿ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ಮಳೆ ಜಾಕೆಟ್ ತನ್ನಿ. ಹಿಡಿತ ಇರುವ ಶೂ ಬೇಕು. ಉಂಬಳ ಇದೆಯಾ ಅಂತ ಅಮ್ಮನ ಮೊದಲ ಪ್ರಶ್ನೆ, ಆ ಕಾಟ ಇಲ್ಲ, ಆದರೆ ಉದ್ದ ಹುಲ್ಲಲ್ಲಿ ರಕ್ತ ಹೀರುವ ಉಣ್ಣೆಹುಳ ಇರುತ್ತದೆ. ಅದರಿಂದ ಲೈಮ್ ಅನ್ನುವ ಕಾಯಿಲೆ ಬರಬಹುದು, ರಾತ್ರಿ ಕಾಲು ನೋಡಿಕೊಳ್ಳಿ. ಕಾಗದದ ನಕ್ಷೆ ಒಂದು ಇಟ್ಟುಕೊಳ್ಳಿ, ನ್ಯಾಷನಲ್ ಪಾರ್ಕ್ ಸೆಂಟರ್‌ನಲ್ಲಿ ಕೇಳಿದರೆ ಯಾವ ದಾರಿಯಲ್ಲಿ ತಡಮೆ ಇಲ್ಲ, ಬರೀ ಗೇಟು ಇದೆ ಅಂತಲೂ ಹೇಳುತ್ತಾರೆ. ವಯಸ್ಸಾದವರ ಜೊತೆ ಹೋಗುವವರು ಮೊದಲ ದಿನವೇ ಅಲ್ಲಿಗೆ ಹೋಗಿ ಇದನ್ನು ಕೇಳಿ, ನಮಗೆ ಅದರಿಂದ ತುಂಬಾ ಉಪಯೋಗವಾಯಿತು.

ಅಮ್ಮ ಜೂನ್ ಕೊನೆಗೆ ಊರಿಗೆ ವಾಪಸ್ ಹೋದಳು. ಮುಂದಿನ ವರ್ಷ ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ, ಅವರಿಗೆ ಆ ಪಾಗಾರ ತೋರಿಸಬೇಕು ಅಂದಿದ್ದಾಳೆ. ಈಗ ಕೆಳಗಿನ ಮಹಡಿಯ ರೂಮಿಗೆ ಬೇರೆ ಕಡೆ ವಿಚಾರಿಸುತ್ತಿದ್ದೇನೆ, ಯಾರಿಗಾದರೂ ಒಳ್ಳೆಯ ಜಾಗ ಗೊತ್ತಿದ್ದರೆ ತಿಳಿಸಿ.